ಬೀದರ್ ಜಿಲ್ಲೆಯಲ್ಲಿ ಕ್ರೈಸ್ತ ವಿದ್ಯಾರ್ಥಿ ಸೇವೆ

ಕ್ರೈಸ್ತ ವಿದ್ಯಾರ್ಥಿ ಸೇವೆ ಎಂಬುದು ಕಾಲೇಜು ವಿದ್ಯಾರ್ಥಿಗಳ ನಡುವೆ ಬೈಬಲ್ ಅಧ್ಯಯನ, ಪ್ರಾರ್ಥನಾ ಕೂಟ, ಶಿಬಿರ ಹಾಗೂ ವೈಯಕ್ತಿಕ ಮಾರ್ಗದರ್ಶನದ ಮೂಲಕ ನಡೆಯುವ ಧಾರ್ಮಿಕ ಕಾರ್ಯ. ಕರ್ನಾಟಕದ ಉತ್ತರ ತುದಿಯ ಬೀದರ್, ಭಾಲ್ಕಿ ಮತ್ತು ಔರಾದ್ ಪ್ರದೇಶದಲ್ಲಿ ಈ ಸೇವೆಗೆ ವಿಶಿಷ್ಟವಾದೊಂದು ಹಿನ್ನೆಲೆಯಿದೆ. ಇಲ್ಲಿ ವಿಶ್ವಾಸದ ನಿರ್ಧಾರದಿಂದ ಬರುವ ನಷ್ಟವನ್ನು ಬೋಧಕನಿಗಿಂತ ಹೆಚ್ಚಾಗಿ ವಿದ್ಯಾರ್ಥಿಯೇ ಹೊರಬೇಕಾಗುತ್ತದೆ. ಅದಕ್ಕೆ ಮುಖ್ಯ ಕಾರಣ ಪರಿಶಿಷ್ಟ ಜಾತಿಗಳ ಕುರಿತ ಕಾನೂನು.

ಹಿನ್ನೆಲೆ

ಬೀದರ್ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿನ ಕ್ರೈಸ್ತರಲ್ಲಿ ಹೆಚ್ಚಿನವರು ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನ ಪರಂಪರೆಗೆ ಸೇರಿದವರು. ಹಳೆಯ ಮೈಸೂರಿನ ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಂದಿಗೆ ವಿಲೀನಗೊಂಡರೂ ಬೀದರಿನ ಸಭೆಗಳು ಅದರಿಂದ ಹೊರಗುಳಿದವು. ಅವು ಇಂದು 1981ರಲ್ಲಿ ಸ್ವಾಯತ್ತವಾದ ಭಾರತದ ಮೆಥೋಡಿಸ್ಟ್ ಸಭೆಯ ಭಾಗವಾಗಿವೆ. ಬೀದರ್ ನಗರದ ಮಂಗಲಪೇಟೆ ಈ ಸಮುದಾಯದ ಪ್ರಮುಖ ನೆಲೆ. ಸದಸ್ಯರಲ್ಲಿ ದಲಿತ ಮೂಲದವರು, ವಿಶೇಷವಾಗಿ ಮಾದಿಗ ಸಮುದಾಯದಿಂದ ಬಂದವರು, ಬಹುಸಂಖ್ಯೆಯಲ್ಲಿದ್ದಾರೆ.

ವಿದ್ಯಾರ್ಥಿ ಸಂಘಟನೆಗಳು

ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ 1895ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾಯಿತು. ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ 1912ರಲ್ಲಿ ರೂಪುಗೊಂಡಿತು. ಅದರ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. ಸುವಾರ್ತಾ ಪ್ರಸಾರಕ್ಕೆ ಹೆಚ್ಚು ಒತ್ತು ಕೊಡುವ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ 1954ರಲ್ಲಿ ಸ್ಥಾಪನೆಯಾಯಿತು. ಕಾಲೇಜಿನ ಕೂಟವನ್ನು ವಿದ್ಯಾರ್ಥಿಗಳೇ ಮುನ್ನಡೆಸಬೇಕು, ಪೂರ್ಣಾವಧಿ ಸೇವಕರು ಬೆಂಬಲಕ್ಕಷ್ಟೇ ನಿಲ್ಲಬೇಕು ಎಂಬುದು ಈ ಎರಡನೆಯ ಸಂಘಟನೆಯ ಮೂಲ ತತ್ತ್ವ. ಸಂವಿಧಾನದ 28ನೇ ವಿಧಿಯ ಪ್ರಕಾರ, ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳು ಧಾರ್ಮಿಕ ಬೋಧನೆ ನೀಡುವಂತಿಲ್ಲ. ಹೀಗಾಗಿ ಸರ್ಕಾರಿ ಕಾಲೇಜುಗಳಲ್ಲಿ ಇಂಥ ಕೂಟಗಳು ಪಾಠಕ್ರಮದ ಭಾಗವಾಗಲಾರವು.

ದೀಕ್ಷಾಸ್ನಾನ ಮತ್ತು ಜಾತಿ ಪ್ರಮಾಣಪತ್ರ

1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ 3ನೇ ಕಂಡಿಕೆಯು ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಮೊದಲು ಹಿಂದೂಗಳಿಗೆ ಮಾತ್ರ ಸೀಮಿತಗೊಳಿಸಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರು ಮತ್ತು ಮುಸ್ಲಿಮರು ಹೊರಗುಳಿದರು. ಹೀಗಾಗಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಯೊಬ್ಬ ಬಹಿರಂಗವಾಗಿ ಕ್ರೈಸ್ತ ಧರ್ಮ ಸ್ವೀಕರಿಸಿದರೆ ಮೀಸಲು ಸೀಟು, ವಿದ್ಯಾರ್ಥಿವೇತನ ಮತ್ತು ಉದ್ಯೋಗ ಮೀಸಲಾತಿಯ ಹಕ್ಕು ಕಳೆದುಕೊಳ್ಳುತ್ತಾನೆ. ಪದವಿಯ ನಡುವೆ ಇರುವವನಿಗೆ ಇದು ಸಣ್ಣ ನಷ್ಟವಲ್ಲ.

ಪರಿಶಿಷ್ಟ ಪಂಗಡಗಳಿಗೆ ಇಂಥ ಧಾರ್ಮಿಕ ನಿರ್ಬಂಧವಿಲ್ಲ. ಇದರ ವಿಚಿತ್ರ ಪರಿಣಾಮ ಮಹಾರಾಷ್ಟ್ರ ಮತ್ತು ತೆಲಂಗಾಣಗಳೆರಡಕ್ಕೂ ಹೊಂದಿಕೊಂಡಿರುವ ಔರಾದ್ ತಾಲ್ಲೂಕಿನಂಥ ಗಡಿಯಲ್ಲಿ ಸ್ಪಷ್ಟವಾಗುತ್ತದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಕ್ರೈಸ್ತನಾದ ಲಂಬಾಣಿ ವಿದ್ಯಾರ್ಥಿ ಗಡಿಯ ಈಚೆ ಕಳೆದುಕೊಳ್ಳುವ ಸ್ಥಾನಮಾನವನ್ನು ಆಚೆ ತೆಲಂಗಾಣದ ತಾಂಡಾದ ಅವನ ನೆಂಟನು ಮತಾಂತರದ ಕಾರಣಕ್ಕೇ ಕಳೆದುಕೊಳ್ಳುವುದಿಲ್ಲ.

ಸುಪ್ರೀಂ ಕೋರ್ಟ್ 1985ರ ಸೂಸೈ ಪ್ರಕರಣದಲ್ಲಿ ಈ ಕಂಡಿಕೆಯನ್ನು ಎತ್ತಿಹಿಡಿಯಿತು. ರಂಗನಾಥ ಮಿಶ್ರಾ ಆಯೋಗ 2007ರ ವರದಿಯಲ್ಲಿ ಪರಿಶಿಷ್ಟ ಜಾತಿ ಸ್ಥಾನಮಾನವನ್ನು ಧರ್ಮದಿಂದ ಬೇರ್ಪಡಿಸುವಂತೆ ಶಿಫಾರಸು ಮಾಡಿತು. 2022ರಲ್ಲಿ ಕೇಂದ್ರ ಸರ್ಕಾರ ಇದೇ ಪ್ರಶ್ನೆಗಾಗಿ ಕೆ. ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು.

ದೇವತಾಶಾಸ್ತ್ರೀಯ ಚರ್ಚೆ

ಕಾನೂನಿನ ಈ ಬೆಲೆ ಸಭೆಯೊಳಗೂ ಪ್ರಶ್ನೆಯನ್ನು ಎಬ್ಬಿಸುತ್ತದೆ: ದೀಕ್ಷಾಸ್ನಾನವಿಲ್ಲದೆ ಕ್ರಿಸ್ತನನ್ನು ನಂಬುವವನನ್ನು ಸಭೆ ಹೇಗೆ ಕಾಣಬೇಕು? ವಿಶ್ವ ವಿದ್ಯಾರ್ಥಿ ಒಕ್ಕೂಟದಲ್ಲಿ ದುಡಿದು, ಮುಂದೆ ಬೆಂಗಳೂರಿನ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ. ಎಂ. ಥಾಮಸ್, ಭಾರತದಲ್ಲಿ ದೀಕ್ಷಾಸ್ನಾನವು ಒಂದು ಸಮುದಾಯದಿಂದ ಇನ್ನೊಂದಕ್ಕೆ ಹೋಗುವ ಗುರುತಾಗಿಬಿಟ್ಟಿದೆ ಎಂದು 1970ರ ದಶಕದಲ್ಲಿ ವಾದಿಸಿದರು. ಕ್ರಿಸ್ತಕೇಂದ್ರಿತ ಸಹವಾಸವು ಸಭೆಯ ಗಡಿಯಾಚೆಗೂ ಸಾಧ್ಯ ಎಂಬುದು ಅವರ ನಿಲುವು. ಬಿಷಪ್ ಲೆಸ್ಲಿ ನ್ಯೂಬಿಗಿನ್ ಅದನ್ನು ಒಪ್ಪಲಿಲ್ಲ: ಗೋಚರವಾದ ಸಭೆಯಿಲ್ಲದ ವಿಶ್ವಾಸ ಹೆಚ್ಚು ಕಾಲ ಉಳಿಯದು ಎಂಬುದು ಅವರ ಆಕ್ಷೇಪದ ಸಾರ. ಈ ಚರ್ಚೆ ವಿದ್ವಾಂಸರ ನಡುವೆ ನಡೆದದ್ದಾದರೂ ಬೀದರಿನಂಥ ಕಡೆ ಅದರ ಉತ್ತರ ವಿದ್ಯಾರ್ಥಿಯ ದಾಖಲೆಪತ್ರಗಳನ್ನೇ ತಟ್ಟುತ್ತದೆ.

ಹಳೆಯ ನಿದರ್ಶನ

ಕನ್ನಡ ನಾಡಿನಲ್ಲಿ ಇಂಥ ನಿರ್ಧಾರದ ಪ್ರಸಿದ್ಧ ನಿದರ್ಶನ ಕರಾವಳಿಯದು. ಮಂಗಳೂರಿನ ಬಾಸೆಲ್ ಮಿಷನ್ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ, 1844ರಲ್ಲಿ ಹರ್ಮನ್ ಮೊಗ್ಲಿಂಗ್ ಅವರಿಂದ ದೀಕ್ಷಾಸ್ನಾನ ಪಡೆದು ತೀವ್ರ ವಿರೋಧ ಎದುರಿಸಿದರು. ಮುಂದೆ ಅವರು ಬಾಸೆಲ್‌ನಲ್ಲಿ ಕಲಿತು, 1851ರಲ್ಲಿ ಗುರುದೀಕ್ಷೆ ಪಡೆದರು. ಅವರು ಕಳೆದುಕೊಂಡದ್ದು ಕುಲದ ಆಶ್ರಯ. ಮಿಷನ್ ಅವರಿಗೆ ಶಿಕ್ಷಣವನ್ನೂ ವೃತ್ತಿಯನ್ನೂ ಒದಗಿಸಿತು. ಇಂದಿನ ದಲಿತ ವಿದ್ಯಾರ್ಥಿಯ ಸ್ಥಿತಿ ಹೆಚ್ಚುಕಡಿಮೆ ಇದಕ್ಕೆ ತಿರುವುಮುರುವಾದದ್ದು.

ಮತಾಂತರ ಕಾನೂನು

ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ, 2022 ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜುಗಳಲ್ಲಿ ಉಚಿತ ಶಿಕ್ಷಣದ ಕೊಡುಗೆಯನ್ನೂ ಅದು ಆಮಿಷಗಳ ಪಟ್ಟಿಗೆ ಸೇರಿಸಿತು. ಬಲವಂತ ಮತ್ತು ವಂಚನೆಯನ್ನು ತಡೆಯಲು ಇದು ಅಗತ್ಯವೆಂದು ಸಮರ್ಥಕರು ಹೇಳಿದರೆ, ವೈಯಕ್ತಿಕ ನಂಬಿಕೆಯನ್ನು ಅಧಿಕಾರಿಯ ಮುಂದೆ ಘೋಷಿಸಬೇಕಾಗುವುದನ್ನೇ ಕ್ರೈಸ್ತ ಸಂಘಟನೆಗಳು ಆಕ್ಷೇಪಿಸಿದವು. 2023ರ ಜೂನ್ 15ರಂದು ರಾಜ್ಯ ಸಚಿವ ಸಂಪುಟ ಇದನ್ನು ರದ್ದುಪಡಿಸಲು ತೀರ್ಮಾನಿಸಿತು.