ಆಂತ್ರಪ್ರೆನರ್: ಪದದ ಅರ್ಥ ಮತ್ತು ಇತಿಹಾಸ

ಆಂತ್ರಪ್ರೆನರ್ ಎಂದರೆ ಲಾಭನಷ್ಟಗಳಿಗೆ ತಾನೇ ಹೊಣೆಯಾಗಿ ವ್ಯವಹಾರ ನಡೆಸುವವನು. ಕನ್ನಡದಲ್ಲಿ ಉದ್ಯಮಿ ಎನ್ನುವುದು ರೂಢಿ. ಪದ ಫ್ರೆಂಚಿನದು, ‘ಕೆಲಸ ಕೈಗೆತ್ತಿಕೊಳ್ಳು’ ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದ್ದು.

17ನೆಯ ಶತಮಾನದ ಫ್ರಾನ್ಸಿನಲ್ಲಿ ದೊರೆಯೊಡನೆ ಕರಾರು ಮಾಡಿಕೊಂಡು ಕೋಟೆ, ಸೇತುವೆಗಳನ್ನು ಕಟ್ಟಿಸಿಕೊಡುತ್ತಿದ್ದವರಿಗೆ ಈ ಹೆಸರಿತ್ತು. ಹೆಚ್ಚುಕಡಿಮೆ ನಮ್ಮ ಗುತ್ತಿಗೆದಾರರಂತೆ. ಕೈಗೆ ಬರುವ ಮೊತ್ತ ಮೊದಲೇ ನಿಗದಿಯಾಗಿರುತ್ತಿತ್ತು. ಖರ್ಚು ಎಷ್ಟಾಗುವುದೆಂದು ಮಾತ್ರ ಕೆಲಸ ಮುಗಿಯುವತನಕ ತಿಳಿಯುತ್ತಿರಲಿಲ್ಲ.

ಈ ಲೆಕ್ಕವನ್ನು ತಿರುಗಿಸಿ ಪದಕ್ಕೆ ಅರ್ಥಶಾಸ್ತ್ರದಲ್ಲಿ ಸ್ಥಾನ ಕೊಟ್ಟವನು ರಿಚರ್ಡ್ ಕ್ಯಾಂಟಿಲನ್. ಐರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬ್ಯಾಂಕರ್ ಆಗಿದ್ದ ಈತ, ಹಣಕಾಸುಗಾರ ಜಾನ್ ಲಾ ಕಟ್ಟಿದ ಮಿಸಿಸಿಪಿ ಕಂಪನಿಯ ಷೇರುಗಳು 1720ರಲ್ಲಿ ಕುಸಿಯುವ ಮೊದಲೇ ಮಾರಿಕೊಂಡು ಭಾರೀ ಸಂಪತ್ತು ಗಳಿಸಿದ್ದ. ಅನಿಶ್ಚಿತತೆಯನ್ನು ಅವನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. 1734ರಲ್ಲಿ ಅವನು ತೀರಿಕೊಂಡು ಎರಡು ದಶಕ ಕಳೆದ ಮೇಲೆ, 1755ರಲ್ಲಿ, ವಾಣಿಜ್ಯದ ಸ್ವರೂಪವನ್ನು ಕುರಿತ ಅವನ ಪ್ರಬಂಧ ಅಚ್ಚಾಯಿತು. ಅದರ ಪ್ರಕಾರ ರೈತನೂ ಆಂತ್ರಪ್ರೆನರ್: ಜಮೀನ್ದಾರನಿಗೆ ಕೊಡುವ ಗೇಣಿ ನಿಶ್ಚಿತ, ಬೆಳೆಗೆ ಸಿಗುವ ಬೆಲೆ ಅನಿಶ್ಚಿತ. ಗೊತ್ತಾದ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವ ಅಂಗಡಿಯವನೂ ಹಾಗೆಯೇ. ನೀರು ಹೊರುವವರು, ಕೊನೆಗೆ ಭಿಕ್ಷುಕರು, ಕಳ್ಳರನ್ನೂ ಕ್ಯಾಂಟಿಲನ್ ಇದೇ ವರ್ಗಕ್ಕೆ ಸೇರಿಸಿದ, ಏಕೆಂದರೆ ಅವರಿಗೂ ಗೊತ್ತಾದ ಸಂಬಳವಿಲ್ಲ. ಬಂಡವಾಳದ ಗಾತ್ರವನ್ನು ನೋಡದ ಈ ವಿಶಾಲ ವ್ಯಾಖ್ಯೆಯೇ ಅವನ ದೊಡ್ಡ ಕೊಡುಗೆ. ಉದ್ಯಮಿ ಎಂದೊಡನೆ ಸಿರಿವಂತರನ್ನಷ್ಟೇ ನೆನೆಯುವ ಇಂದಿನ ಅಭ್ಯಾಸ ಇದರ ಮುಂದೆ ತೀರ ಸಂಕುಚಿತ.

ಹತ್ತಿ ಗಿರಣಿ ನಡೆಸಿದ ಅನುಭವವಿದ್ದ ಅರ್ಥಶಾಸ್ತ್ರಜ್ಞ ಜೀನ್ ಬ್ಯಾಪ್ಟಿಸ್ಟ್ ಸೇ, 19ನೆಯ ಶತಮಾನದ ಆರಂಭದಲ್ಲಿ, ಭೂಮಿ, ದುಡಿಮೆ, ಬಂಡವಾಳಗಳನ್ನು ಒಂದುಗೂಡಿಸುವವನೆಂದು ಆಂತ್ರಪ್ರೆನರನನ್ನು ವಿವರಿಸಿ, ಬರೀ ಹಣ ಹೂಡುವವನಿಂದ ಬೇರ್ಪಡಿಸಿದ. ಇಂಗ್ಲಿಷಿನಲ್ಲಿ ಇಂಥ ಅನುಕೂಲಕರ ಪದ ಬಳಕೆಯಲ್ಲಿಲ್ಲವೆಂದು ಚಿಂತಕ ಜಾನ್ ಸ್ಟುವರ್ಟ್ ಮಿಲ್ 1848ರಲ್ಲಿ ವಿಷಾದಿಸಿದ. ಮುಂದೆ ಫ್ರೆಂಚ್ ಪದವೇ ಆ ಭಾಷೆಯಲ್ಲಿ ನೆಲೆಯೂರಿತು.

ಅಪಾಯ ಹೊರುವವರು ಯಾರು ಎಂಬ ಪ್ರಶ್ನೆ 20ನೆಯ ಶತಮಾನದಲ್ಲಿ ಮತ್ತೆ ಎದ್ದಿತು. 1911ರಲ್ಲಿ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್, ಹೊಸ ಸರಕು, ಹೊಸ ವಿಧಾನಗಳನ್ನು ತರುವುದಷ್ಟೇ ಉದ್ಯಮಿಯ ಕೆಲಸ, ನಷ್ಟದ ಭಾರ ಸಾಲ ಕೊಟ್ಟವನದು ಎಂದು ವಾದಿಸಿದ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಅಪಾಯವನ್ನೂ ಅನಿಶ್ಚಿತತೆಯನ್ನೂ ಬೇರೆ ಮಾಡಿದ. ಉಗ್ರಾಣಕ್ಕೆ ಬೆಂಕಿ ಬೀಳುವ ಸಂಭವವನ್ನು ಲೆಕ್ಕಹಾಕಿ ವಿಮೆ ಇಳಿಸಬಹುದು. ಹೊಸ ಸರಕನ್ನು ಜನ ಕೊಳ್ಳುವರೋ ಇಲ್ಲವೋ ಎಂಬುದಕ್ಕೆ ಯಾವ ವಿಮೆಯೂ ಇಲ್ಲ. ನೈಟ್ ಪ್ರಕಾರ ಲಾಭ ಸಲ್ಲುವುದು ಈ ಎರಡನೆಯದನ್ನು ಹೊತ್ತವನಿಗೆ.