ಹದಕ್ಕೆ ಕೊಟ್ಟ ಬೆಲೆ

ಚಾಕು, ಕುಡಗೋಲುಗಳನ್ನು ರೊಕ್ಕ ಕೊಟ್ಟು ಕೊಳ್ಳುವುದು ನಮ್ಮ ಕಡೆ ಈಚಿನ ರೂಢಿ. ಜಮಖಂಡಿ ತಾಲ್ಲೂಕಿನ ತುಬಚಿಯಲ್ಲಿ ನನ್ನ ಅಜ್ಜ ಒಕ್ಕಲುತನ ಮಾಡುತ್ತಿದ್ದ ಕಾಲಕ್ಕೆ ಕಬ್ಬಿಣದ ತುಂಡು ಒಯ್ದು ಕಂಬಾರನ ಕುಲುಮೆಯ ಮುಂದೆ ಇಟ್ಟರೆ ಸಾಕಿತ್ತು. ಕುಡಗೋಲು, ಕೊಡಲಿ, ಈಳಿಗಿ, ಕುಡ, ಏನು ಬೇಕೋ ಅದು ಆಗಿ ಬರುತ್ತಿತ್ತು. ಮೊಂಡಾದರೆ ಮತ್ತೆ ಒಯ್ಯುವುದು, ಅವನು ಮತ್ತೆ ಕಾಯಿಸಿ ಬಡಿದು ಕೊಡುವುದು. ಸುಗ್ಗಿಯಲ್ಲಿ ಅವನು ಕಣಕ್ಕೆ ಬಂದಾಗ ಜೋಳದ ಸಿವುಡು ಹೊರಿಸಿ ಕಳಿಸುತ್ತಿದ್ದರು. ಅದೇ ಆಯ. ಬಡಿಗ, ಕುಂಬಾರ, ಸಮಗಾರ, ಅಗಸ ಎಲ್ಲರಿಗೂ ಹೀಗೆಯೇ. ಆ ಕಟ್ಟುಪಾಡನ್ನು ನಾನು ಹೊಗಳಲಾರೆ. ಜಾತಿಯ ಹಗ್ಗ ಅದರಲ್ಲಿ ಬಿಗಿಯಾಗಿತ್ತು, ಮಳೆ ಹೋದ ವರ್ಷ ಆಯದವನ ಮನೆಯ ಒಲೆಯೇ ಮೊದಲು ಆರುತ್ತಿತ್ತು. ಆದರೆ ಅದರೊಳಗೆ ಒಂದು ತಿಳಿವಳಿಕೆ ಇತ್ತು. ಊರು ಕೊಡುತ್ತಿದ್ದುದು ಕಬ್ಬಿಣದ ತೂಕಕ್ಕಲ್ಲ, ವರ್ಷವಿಡೀ ಅಲಗನ್ನು ಹದದಲ್ಲಿಟ್ಟ ಕೈಗೆ.

ಈಗ ಜಮಖಂಡಿ ಸಂತೆಯಲ್ಲಿ ಕಾರ್ಖಾನೆಯ ಚಾಕು ಒಂದು ಪಾವು ಮೆಣಸಿನಕಾಯಿಯ ಜೊತೆಗೆ ಚೀಲಕ್ಕೆ ಬೀಳುತ್ತದೆ. ನಾನು ಕೆಲವೊಮ್ಮೆ ನಾಲ್ಕು ಟನ್ನು ಕಬ್ಬಿನ ಬಿಲ್ಲಿನಷ್ಟು ಹಣವನ್ನು ಒಂದೇ ಅಲಗಿಗೆ ಕೊಡುತ್ತೇನೆ. ಅಕ್ಕನ ಮಗ ಕೇಳುತ್ತಾನೆ: "ಮಾಮಾ, ಮನ್ಯಾಗ ಈಳಿಗಿ ಐತಿ, ಕೊಡ್ಲಿ ಐತಿ. ಇದನ್ನ ತಂದು ಕಪಾಟಿನ್ಯಾಗ ಇಡಾಕ ಇಷ್ಟು ರೊಕ್ಕ ಯಾಕ ಹಾಕ್ತೀರಿ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನನ್ನ ಕಪಾಟಿನಲ್ಲಿಲ್ಲ, ಈ ಸೀಮೆಯ ಇತಿಹಾಸದಲ್ಲಿದೆ.

ದಕ್ಷಿಣದ ಉಕ್ಕನ್ನು ಒಂದು ಕಾಲದಲ್ಲಿ ಜಗತ್ತು ಹುಡುಕಿಕೊಂಡು ಬರುತ್ತಿತ್ತು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ಕಟ್ಟಿಗೆ ಚೂರು, ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಕುಲುಮೆಯಲ್ಲಿಟ್ಟರೆ ಇಂಗಾಲ ಕಬ್ಬಿಣಕ್ಕೆ ಇಳಿದು ಗಟ್ಟಿ ಉಕ್ಕಿನ ಉಂಡೆಯಾಗುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅದಕ್ಕೂ ಮೊದಲು, 1794ರಲ್ಲಿ, ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಇಂಥ ಉಕ್ಕಿನ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ್ದ. ಮರುವರ್ಷ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯ ಮುಂದೆ ಅದರ ಬಗ್ಗೆ ಪ್ರಬಂಧ ಮಂಡಿಸಿದ. ಮುಂದೆ ಮೈಕೆಲ್ ಫ್ಯಾರಡೆ ಕೂಡ ಇದೇ ಉಕ್ಕಿನ ಗುಟ್ಟು ತಿಳಿಯಲು ವರ್ಷಗಟ್ಟಲೆ ಪ್ರಯೋಗ ಮಾಡಿದ. ಫ್ಯಾರಡೆಯ ತಂದೆ ಕಂಬಾರ ಎನ್ನುವುದು ನನಗೆ ಯಾವಾಗಲೂ ನೆನಪಾಗುವ ಸಂಗತಿ.

ಹತ್ತಿರದ ವಿಜಯಪುರದಲ್ಲಿ ಆದಿಲ್‌ಶಾಹಿಗಳು ಆಳುತ್ತಿದ್ದಾಗ ಕಠಾರಿ ಒಂದು ಕಲೆಯಾಗಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ 16ನೇ ಶತಮಾನದ ದಖ್ಖನಿನ ಕಠಾರಿಯೊಂದಿದೆ. ಚಿನ್ನದ ನೀರು ಹೊಯ್ದ ತಾಮ್ರದ ಹಿಡಿ, ಅದರಲ್ಲಿ ಕೆಂಪು ಹರಳು. ಒಂದು ಘೋರ ಸರ್ಪಪ್ರಾಣಿ ಸಿಂಹದ ಮೇಲೆ, ಸಿಂಹ ಜಿಂಕೆಯ ಮೇಲೆ ಎರಗಿದೆ. ಅದರ ಚಿತ್ರವನ್ನು ನಾನು ಎಷ್ಟು ಹೊತ್ತು ಬೇಕಾದರೂ ನೋಡಬಲ್ಲೆ. ದುಬಾರಿ ಅಲಗನ್ನು ಬಯಸುವುದು ಹೊರಗಿನಿಂದ ಬಂದ ಷೋಕಿ ಎನ್ನುವವರಿಗೆ ನಾನು ತೋರಿಸುವುದು ಈ ಚಿತ್ರವನ್ನೇ.

ಹಾಗಿದ್ದರೆ ಆ ಕೈಗಳೆಲ್ಲ ಎಲ್ಲಿ ಹೋದವು? ಇದಕ್ಕೆ ಹಲಗಲಿಗೆ ಹೋಗಬೇಕು. ಈಗಿನ ಮುಧೋಳ ತಾಲ್ಲೂಕಿನ ಈ ಊರು 1857ರಲ್ಲಿ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಉತ್ತರದ ದಂಗೆಗೆ ಹೆದರಿದ ಕಂಪನಿ ಸರ್ಕಾರ ಜನರ ಕೈಯ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಿತು. ಬೇಟೆ, ಕಾವಲು ಇವನ್ನೇ ನಂಬಿ ಬದುಕಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ಹನುಮ, ಬಾಲ, ಜಡಗ, ರಾಮ ಮುಂದೆ ನಿಂತರು. ಆಯುಧ ಹೋದರೆ ಬಾಳೇ ಹೋದಂತೆ ಎಂಬುದು ಅವರ ನಿಲುವು. ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಊರಿಗೆ ನುಗ್ಗಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿದರು.

ಈ ಕಾಳಗದ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜಾನ್ ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ್ದರಿಂದ ಅದು ಗ್ರಂಥಗಳಿಗೆ ಬಂತು. ನಮ್ಮ ಮಕ್ಕಳು ಅದನ್ನು ಶಾಲೆಯ ಪುಸ್ತಕದಲ್ಲಿ ಓದುತ್ತಾರೆ. ಲೂಟಿಯಾದ ವಸ್ತುಗಳನ್ನು ಎಣಿಸುವ ಅದರ ಭಾಗ ಬಂದಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಅಲ್ಲಿ ಹಾಲು, ಮೊಸರು, ಬೆಣ್ಣೆಗಳ ಸಾಲಿನಲ್ಲಿಯೇ ಕೊಡಲಿ, ಕುಡ ಬರುತ್ತವೆ. ಕೊಲ್ಲುವ ಆಯುಧ ಯಾವುದು, ಉಳುವ ಕಬ್ಬಿಣ ಯಾವುದು ಎಂದು ನೋಡುವ ವ್ಯವಧಾನ ಬಂದವರಿಗೆ ಇರಲಿಲ್ಲ.

ಕುಲುಮೆಗಳ ಮಟ್ಟಿಗೆ ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. 1878ರಲ್ಲಿ ಬ್ರಿಟಿಷ್ ಸೀಮೆಗೆ ಆಯುಧ ಕಾಯ್ದೆ ಬಂತು. ಅದೇ ವರ್ಷ ಅರಣ್ಯ ಕಾಯ್ದೆಯೂ ಬಂತು. ಒಂದು ಕೊಳ್ಳುವವರನ್ನು ಕಸಿಯಿತು, ಇನ್ನೊಂದು ಇದ್ದಿಲಿಗೆ ಬೇಕಾದ ಕಾಡಿಗೆ ಬೇಲಿ ಹಾಕಿತು. ಹಡಗಿನಲ್ಲಿ ಬಂದ ಅಗ್ಗದ ವಿಲಾಯಿತಿ ಕಬ್ಬಿಣ ಉಳಿದ ಕೆಲಸ ಮುಗಿಸಿತು. ಕತ್ತಿ, ಕಠಾರಿ ಮಾಡುವ ವಿದ್ಯೆಗೆ ಗಿರಾಕಿಯೇ ಇಲ್ಲವಾದ ಮೇಲೆ ಕಂಬಾರನಿಗೆ ಕುಡಗೋಲೊಂದೇ ಉಳಿಯಿತು. ಕಾರ್ಖಾನೆ ಬಂದು ಕುಡಗೋಲನ್ನೂ ಒಯ್ದಿತು.

ಕೊಡಗಿನ ಕಥೆ ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಗ ಜಾರಿಯಲ್ಲಿದ್ದ, ಆಯುಧ ಕಿತ್ತುಕೊಳ್ಳುವ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇಂದಿಗೂ ನಡೆದುಬಂದಿದೆ. ಮದುವಣಿಗ ಸೊಂಟದ ಪಟ್ಟಿಗೆ ಬೆಳ್ಳಿಯ ಪೀಚೆಕತ್ತಿ ಸಿಗಿಸುತ್ತಾನೆ. ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆದಿಂಡು ಕಡಿಯುತ್ತಾರೆ. ಹಬ್ಬ ಮದುವೆಗಳಲ್ಲಿ ಅಲಗು ಉಳಿದದ್ದರಿಂದ ಅದನ್ನು ಮಾಡುವ ಕೈಗೆ ಅನ್ನವೂ ಉಳಿಯಿತು. ನಾನು ಕೊಡಗಿನಿಂದ ತರಿಸಿದ ಪೀಚೆಕತ್ತಿ ದುಬಾರಿಯೇ. ನಮ್ಮ ಸೀಮೆಯಲ್ಲೂ ಇಂಥ ಗಿರಾಕಿಗಳು ಉಳಿದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅದು ನನ್ನ ಬಳಿಯಿರುವ ಸಾಕ್ಷಿ. ಅದಕ್ಕೆ ಕೊಟ್ಟ ಹಣದ ಬಗ್ಗೆ ನನಗೆ ಒಂದಿಷ್ಟೂ ಅಳುಕಿಲ್ಲ.

ಕಾನೂನನ್ನೂ ಹೇಳಿಬಿಡಬೇಕು. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯ ಕೆಳಗೆ ಬಂದ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧವೆಂದು ಕರೆದವು. ಅಡುಗೆಮನೆ, ಹೊಲದ ಕೆಲಸದವನ್ನು ಬಿಟ್ಟವು. ನನ್ನ ಸಂಗ್ರಹದಲ್ಲಿ ಈ ಅಳತೆ ದಾಟಿದ್ದೆಂದರೆ ಕಬ್ಬು ಕಡಿಯುವ ಕೊಯ್ತಾ, ಈಳಿಗಿಗಳಷ್ಟೇ.

ಉಳಿದ ಹಣ ಹೋಗುವುದು ಹತ್ತಿರದ ಹಳ್ಳಿಯ ಒಬ್ಬ ಹಿರಿಯ ಕಂಬಾರರಿಗೆ. ಕಬ್ಬಿನ ಹಂಗಾಮಿನಲ್ಲಿ ಅವರು ಡಜನ್‌ಗಟ್ಟಲೆ ಕೊಯ್ತಾ ಮಾಡುತ್ತಾರೆ, ಅದಕ್ಕೆ ಸಿಗುವುದು ಅಷ್ಟಕ್ಕಷ್ಟೆ. ಲಾರಿಯ ಹಳೆ ಕಮಾನ್ ಪಟ್ಟಿಯೇ ಅವರ ಉಕ್ಕು. ಅದರಲ್ಲಿ ನೂರು ಪಾಲಿಗೆ ಅರ್ಧ ಪಾಲಿನಷ್ಟು ಇಂಗಾಲ ಇರುವುದರಿಂದ ಹದ ಹಿಡಿಯುತ್ತದೆ. ಕುಲುಮೆಯ ಮೇಲೆ ಬಿಸಿಲು ಬೀಳದಂತೆ ಅವರು ತಟ್ಟು ಕಟ್ಟಿದ್ದಾರೆ, ಏಕೆಂದರೆ ಬೆಳಕಿನಲ್ಲಿ ಕಾದ ಕಬ್ಬಿಣದ ಬಣ್ಣ ಮೋಸ ಮಾಡುತ್ತದೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಅಲಗು ಗಾಜಿನ ಹಾಗೆ. ಗಡಸು, ಆದರೆ ಪೆಟ್ಟು ತಾಳದು. ಅದನ್ನು ಉಜ್ಜಿ ಹೊಳಪು ಬರಿಸಿ ಮತ್ತೆ ಮೆಲ್ಲಗೆ ಕಾಯಿಸುತ್ತಾರೆ. 230 ಡಿಗ್ರಿಯ ಆಸುಪಾಸಿನಲ್ಲಿ ಬಾಯಿಯಂಚಿಗೆ ಒಣಹುಲ್ಲಿನ ಹಳದಿ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನಷ್ಟು ಕಾದು ನೀಲಿಗೆ ತಿರುಗಿದರೆ ಬಾಯಿ ಮೆತ್ತಗಾಗುತ್ತದೆ. ಈ ಹಳದಿ ಕಂಡು ಮರೆಯಾಗುವ ಹೊತ್ತು ಬಹಳ ಕಡಿಮೆ. ಅಷ್ಟರಲ್ಲಿ ಕೈ ಆಡಬೇಕು, ಅದು ಒಂದು ಆಯುಷ್ಯದ ಅಭ್ಯಾಸ. ನನ್ನ ಹಣ ಆ ಅಭ್ಯಾಸಕ್ಕೆ.

ಮೊದಲ ಸಲ ನಾನು ಕೊಯ್ತಾದ ಎಷ್ಟೋ ಪಟ್ಟು ಬೆಲೆ ಹೇಳಿ ಒಂದು ಸಣ್ಣ ಚಾಕು ಮಾಡಿಕೊಡಲು ಕೇಳಿದಾಗ ಅವರು, "ಇಷ್ಟ್ಯಾಕ್ರಿ ಗೌಡ್ರ, ಅರ್ಧಾ ಕೊಡ್ರಿ ಸಾಕು" ಎಂದಿದ್ದರು. ನಾನು ಒಪ್ಪಲಿಲ್ಲ. ಈಗ ಬೆಲೆ ಅವರೇ ಹೇಳುತ್ತಾರೆ, ಚೌಕಾಸಿ ಇಲ್ಲ. ಹಿಡಿಗೆ ಜಾಲಿಕಟ್ಟಿಗೆ ಸಾಕೋ, ಬೀಟೆ ಬೇಕೋ ಎಂಬ ಚರ್ಚೆ ಮಾತ್ರ ನಡೆಯುತ್ತದೆ. ಜಮಖಂಡಿಯಲ್ಲಿ ವೆಲ್ಡಿಂಗ್ ಕೆಲಸ ಮಾಡುವ ಅವರ ಮಗ ರಜೆಯ ದಿನ ತಂದೆಯ ಪಕ್ಕ ಕೂತು ಬಣ್ಣ ನೋಡಲು ಕಲಿಯುತ್ತಿದ್ದಾನೆ. ಬರುವ ಖಂಡೇನವಮಿಗೆ ಒಂದು ಅಡಕೊತ್ತು ಹೇಳಿದ್ದೇನೆ; ಅದರ ಹದ ಈ ಸಲ ಮಗನದು.