ಹಾಲಿನಲ್ಲಿ ಪೆರಾಕ್ಸೈಡ್, ಗ್ಲೂಕೋಸ್: ಪತ್ತೆಯ ರಾಸಾಯನಿಕ ವಿಧಾನಗಳು

ಹಾಲಿಗೆ ನೀರು ಬೆರೆಸಿದರೆ ಅದರ ಸಾಂದ್ರತೆ ಇಳಿಯುತ್ತದೆ. ಲ್ಯಾಕ್ಟೋಮೀಟರ್ ಇದನ್ನು ಕೂಡಲೇ ತೋರಿಸಿಕೊಡುತ್ತದೆ. ಈ ಕೊರತೆಯನ್ನು ಮರೆಮಾಚಲು ಗ್ಲೂಕೋಸ್ ಬೆರೆಸುವುದುಂಟು. ಹಾಲು ಬೇಗ ಹುಳಿಯಾಗದಿರಲೆಂದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸುವುದೂ ಉಂಟು. ಭಾರತದಲ್ಲಿ ಮಾರಾಟದ ಹಾಲಿಗೆ ಇವೆರಡನ್ನೂ ಬೆರೆಸುವಂತಿಲ್ಲ. ಬೆರೆಸಿದರೆ ಇವು ಬರಿಗಣ್ಣಿಗೆ ಕಾಣುವುದಿಲ್ಲ. ಪತ್ತೆಗೆ ರಸಾಯನಶಾಸ್ತ್ರದ ನೆರವು ಬೇಕು.

ಪೆರಾಕ್ಸೈಡ್ ಪತ್ತೆ

1818ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಥೆನಾರ್ ಕಂಡುಹಿಡಿದ ಹೈಡ್ರೋಜನ್ ಪೆರಾಕ್ಸೈಡ್ ಪ್ರಬಲ ಉತ್ಕರ್ಷಣಕಾರಿ. ಈ ಗುಣವೇ ಅದರ ಪತ್ತೆಗೆ ಆಧಾರ. ಪೆರಾಕ್ಸೈಡ್ ಇರುವ ಹಾಲಿಗೆ ಪೊಟ್ಯಾಸಿಯಂ ಅಯೊಡೈಡ್ ಮತ್ತು ಪಿಷ್ಟದ ದ್ರಾವಣ ಹಾಕಿದಾಗ ಅಯೊಡಿನ್ ಬಿಡುಗಡೆಯಾಗಿ, ಪಿಷ್ಟದೊಡನೆ ಕೂಡಿ ನೀಲಿ ಬಣ್ಣ ತಾಳುತ್ತದೆ. ಆಮ್ಲದಲ್ಲಿ ಕರಗಿಸಿದ ವೆನೆಡಿಯಂ ಪೆಂಟಾಕ್ಸೈಡ್ ಹಾಕಿದರೆ ಗುಲಾಬಿ ಅಥವಾ ಕೆಂಪು ಬಣ್ಣ ಬರುತ್ತದೆ.

ಪ್ಯಾರಾ ಫಿನೈಲೀನ್ ಡೈಅಮೀನ್ ಬಳಸುವ ಮೂರನೆಯ ವಿಧಾನದಲ್ಲಿ ನೀಲಿ ಬಣ್ಣ ಕಾಣುತ್ತದೆ. ಆದರೆ ಇದಕ್ಕೆ ಹಸಿಹಾಲಿನಲ್ಲಿ ಸಹಜವಾಗಿಯೇ ಇರುವ ಲ್ಯಾಕ್ಟೊಪೆರಾಕ್ಸಿಡೇಸ್ ಎಂಬ ಕಿಣ್ವದ ಸಹಾಯ ಅಗತ್ಯ. ಕುದಿಸಿದ ಹಾಲಿನಲ್ಲಿ ಆ ಕಿಣ್ವ ನಾಶವಾಗಿರುವುದರಿಂದ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಹಸಿಹಾಲಿನಲ್ಲಿಯೂ ಕೆಟಲೇಸ್ ಮುಂತಾದ ಕಿಣ್ವಗಳು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಾ ಹೋಗುತ್ತವೆ. ಆದ್ದರಿಂದ ತಡವಾಗಿ ಪರೀಕ್ಷಿಸಿದರೆ ಬೆರೆಸಿದ ಕುರುಹೇ ಸಿಗದಿರಬಹುದು.

ಗ್ಲೂಕೋಸ್ ಪತ್ತೆ

ಶಾಲಾ ಪ್ರಯೋಗಾಲಯದ ಬೆನೆಡಿಕ್ಟ್ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಹಾಲಿನ ಸಹಜ ಸಕ್ಕರೆಯಾದ ಲ್ಯಾಕ್ಟೋಸ್ ಕೂಡ ಅಪಕರ್ಷಕ ಸಕ್ಕರೆಯೇ ಆದುದರಿಂದ ಶುದ್ಧ ಹಾಲಿನಲ್ಲಿಯೂ ಬಣ್ಣ ಬದಲಾಗುತ್ತದೆ. ಗ್ಲೂಕೋಸಿನಂಥ ಸರಳ ಸಕ್ಕರೆಗಳನ್ನು ಬೇರ್ಪಡಿಸಿ ಗುರುತಿಸಲು ಡೆನ್ಮಾರ್ಕಿನ ಬಾರ್ಫೋಡ್ 1873ರಲ್ಲಿ ರೂಪಿಸಿದ ಆಮ್ಲೀಯ ತಾಮ್ರದ ಅಸಿಟೇಟ್ ಕಾರಕ ಬಳಕೆಯಲ್ಲಿದೆ. 1 ಮಿ.ಲೀ. ಹಾಲಿಗೆ ಅಷ್ಟೇ ಕಾರಕ ಸೇರಿಸಿ, ಕುದಿಯುವ ನೀರಿನಲ್ಲಿ ಸರಿಯಾಗಿ 3 ನಿಮಿಷ ಇಟ್ಟು, ತಣಿಸಿ, 1 ಮಿ.ಲೀ. ಫಾಸ್ಫೊಮಾಲಿಬ್ಡಿಕ್ ಆಮ್ಲ ಹಾಕಬೇಕು. ತಕ್ಷಣ ಗಾಢ ನೀಲಿ ಬಂದರೆ ಗ್ಲೂಕೋಸ್ ಇದೆಯೆಂದರ್ಥ. ಹೆಚ್ಚು ಹೊತ್ತು ಕುದಿಸಿದರೆ ಲ್ಯಾಕ್ಟೋಸ್ ಕೂಡ ಪ್ರತಿಕ್ರಿಯಿಸಿ ದಾರಿ ತಪ್ಪಿಸೀತು.

ಇನ್ನೂ ಸುಲಭವಾದುದು ಮೂತ್ರದ ಸಕ್ಕರೆ ಪರೀಕ್ಷಿಸುವ ಕಾಗದದ ಪಟ್ಟಿ. ಅಮೆರಿಕದಲ್ಲಿ 1956ರಲ್ಲಿ ಬಳಕೆಗೆ ಬಂದ ಈ ಬಗೆಯ ಪಟ್ಟಿಯಲ್ಲಿ ಎರಡು ಕಿಣ್ವಗಳಿರುತ್ತವೆ. ಗ್ಲೂಕೋಸ್ ಆಕ್ಸಿಡೇಸ್ ಎಂಬುದು ಗ್ಲೂಕೋಸನ್ನು ಉತ್ಕರ್ಷಿಸಿ ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತದೆ. ಪೆರಾಕ್ಸಿಡೇಸ್ ಎಂಬುದು ಆ ಪೆರಾಕ್ಸೈಡ್ ಬಳಸಿ ಬಣ್ಣ ಬದಲಿಸುತ್ತದೆ. ಅಂದರೆ ಪಟ್ಟಿ ಕಾಣುವುದು ಗ್ಲೂಕೋಸನ್ನಲ್ಲ, ಅದರಿಂದ ಹುಟ್ಟಿದ ಪೆರಾಕ್ಸೈಡನ್ನು!

ಕ್ರಮವೇ ಮುಖ್ಯ

ಎಚ್ಚರ ಅಗತ್ಯವಾಗುವುದು ಇಲ್ಲಿಯೇ. ಹಾಲಿನಲ್ಲಿ ಮೊದಲೇ ಪೆರಾಕ್ಸೈಡ್ ಇದ್ದರೆ, ಗ್ಲೂಕೋಸ್ ಇಲ್ಲದಿದ್ದರೂ ಪಟ್ಟಿ ಬಣ್ಣ ಬದಲಿಸಬಹುದು. ಆದ್ದರಿಂದ ಮೊದಲು ಪೆರಾಕ್ಸೈಡ್ ಪರೀಕ್ಷೆ, ಬಳಿಕ ಗ್ಲೂಕೋಸ್ ಪರೀಕ್ಷೆ ಮಾಡುವುದೇ ಸರಿಯಾದ ಕ್ರಮ. ಪಟ್ಟಿಯ ಬಣ್ಣವೊಂದನ್ನೇ ನೋಡಿ ಹಾಲು ಹಾಕುವವರ ಮೇಲೆ ಆರೋಪ ಹೊರಿಸುವುದು ನ್ಯಾಯವಲ್ಲ. ಬಾರ್ಫೋಡ್ ಪರೀಕ್ಷೆಯೂ ಅದನ್ನು ದೃಢಪಡಿಸಬೇಕು.

ಹಾಗೆಂದು ಗಾಬರಿಪಡಬೇಕಾದ ಕಾರಣವಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ನಡೆಸಿದ ರಾಷ್ಟ್ರವ್ಯಾಪಿ ಸಮೀಕ್ಷೆಯ 6,432 ಮಾದರಿಗಳಲ್ಲಿ ಅಪಾಯಕಾರಿ ಕಲಬೆರಕೆ ಕಂಡದ್ದು 12ರಲ್ಲಿ ಮಾತ್ರ. ಅವುಗಳಲ್ಲಿ 6 ಪೆರಾಕ್ಸೈಡ್ ಪ್ರಕರಣಗಳು. ಗ್ಲೂಕೋಸ್ ಪಟ್ಟಿ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಉಳಿದ ಕಾರಕಗಳಲ್ಲಿ ಕೆಲವು ವಿಷಕಾರಿ. ಅವನ್ನು ಪ್ರಯೋಗಾಲಯಕ್ಕೇ ಬಿಡುವುದು ಲೇಸು. ಪರೀಕ್ಷಿಸಿದ ಹಾಲನ್ನು ಚೆಲ್ಲಬೇಕು, ಕುಡಿಯಬಾರದು.